ಬಿಳಿ ಧೂಳಿನ ಭಟ್ಟರು

ಕಳೆದ ಶುಕ್ರವಾರ ಬೆಳಿಗ್ಗೆ ನಮ್ಮ ಕಟ್ಟಡದವರ ವಾಟ್ಸಾಪ್ ಬಳಗದಲ್ಲಿ ಭಟ್ಟರು ಊರಿನಲ್ಲಿ ತೀರಿಕೊಂಡ ಸುದ್ದಿ ಬಂತು. ಸುದ್ದಿಯ ಕೆಳಗೆ ಕೈಮುಗಿದ ಚಿತ್ರಗಳು ಒಂದರ ಹಿಂದೊಂದು ಸಾಲುಗಟ್ಟಿದವು. ಅವುಗಳ ನಡುವೆ ಯಾರೋ ಕೇಳಿದರು: ‘ಎಂತ ಆಗಿತ್ತಂತೆ?’ ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಪ್ರಶ್ನೆಯನ್ನು ಮತ್ತೊಬ್ಬರು ಹಿಂದಿಯಲ್ಲಿ ಕೇಳಿದರು, ಇನ್ನೊಬ್ಬರು ಇಂಗ್ಲಿಷಿನಲ್ಲಿ ಕೇಳಿದರು. ಹೊರಗಿನವರು ನೋಡಿದರೆ ಸತ್ತವರ ವಿಷಯದಲ್ಲಿ ಇದೆಂಥ ಕುತೂಹಲ ಎಂದಾರು. ಆದರೆ ಹಾಗೆ ಕೇಳಿದವರೆಲ್ಲರೂ ಭಟ್ಟರು ದುಡಿದ ಗೋದಾಮಿನಲ್ಲೇ ದುಡಿದವರು, ಅವರು ಉಸಿರಾಡಿದ ಗಾಳಿಯನ್ನೇ ವರ್ಷಗಟ್ಟಲೆ ಉಸಿರಾಡಿದವರು. ನನ್ನ ಪತಿಯೂ ಅವರಲ್ಲಿ ಒಬ್ಬರು.

ನಮ್ಮವರು ಸುದ್ದಿಯನ್ನು ಓದಿ, ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. ‘ಒಳ್ಳೆಯ ಮನುಷ್ಯ’ ಎಂದರು. ಆಮೇಲೆ ಒಮ್ಮೆ ಕೆಮ್ಮಿದರು. ಕೆಮ್ಮಿದ ಕೂಡಲೇ, ನಾನೇನೂ ಕೇಳದಿದ್ದರೂ, ‘ಇದು ಏಸಿಯ ಕೆಮ್ಮು’ ಎಂದರು. ಕಳೆದ ಚಳಿಗಾಲದಿಂದ ಅವರಿಗೆ ಈ ಒಣಕೆಮ್ಮು ಇದೆ.

ಭಟ್ಟರು ಬಹ್ರೇನಿನ ಹೂರಾದ ನಮ್ಮ ಕಟ್ಟಡದಲ್ಲಿ, ನಮ್ಮ ಮೇಲಿನ ಮಹಡಿಯಲ್ಲಿ, ಬಹಳ ವರ್ಷ ಒಬ್ಬರೇ ಇದ್ದರು. ಅವರು ರಸಾಯನಶಾಸ್ತ್ರ ಓದಿದವರು. ಕೈಗಾರಿಕೆಗೆ ಬೇಕಾದ ಜೇಡಿಮಣ್ಣನ್ನು ಹಡಗಿನಲ್ಲಿ ತರಿಸಿ, ಪುಡಿಮಾಡಿ, ಚೀಲಕ್ಕೆ ತುಂಬಿ ಮಾರುವ ಒಂದು ಕಂಪೆನಿಯ ಪ್ರಯೋಗಾಲಯ ಅವರ ಕೈಯಲ್ಲಿತ್ತು. ಟೈಲ್ಸಿಗೆ ಮತ್ತು ಬಣ್ಣಕ್ಕೆ ಬೇಕಾದ ಬಿಳಿಯ ಪಿಂಗಾಣಿ ಮಣ್ಣು, ತೈಲಬಾವಿ ಕೊರೆಯುವಾಗ ನೀರಿನಲ್ಲಿ ಕಲಸುವ ಬೆಂಟೊನೈಟ್, ಕುಲುಮೆಯ ಇಟ್ಟಿಗೆಗೆ ಬೇಕಾದ ಕಂದು ಮಣ್ಣು, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ನನ್ನ ಪತಿ ಅದೇ ಕಂಪೆನಿಯಲ್ಲಿ ಗೋದಾಮಿನ ಮೇಲ್ವಿಚಾರಕರು. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದರು.

ಬಸ್ಸಿನಿಂದ ಇಳಿದ ಮೇಲೆ ಇಬ್ಬರ ದಾರಿಗಳು ಬೇರೆಯಾಗುತ್ತಿದ್ದವು. ನಮ್ಮವರು ನೇರವಾಗಿ ಮೆಟ್ಟಿಲು ಹತ್ತುತ್ತಿದ್ದರು. ಭಟ್ಟರು ಮಾತ್ರ ಕೆಳಗೆ, ಕಟ್ಟಡ ಕಾಯುವ ನಾತೂರನ ಕೋಣೆಯ ಪಕ್ಕದ ನಲ್ಲಿಯ ಬಳಿ ನಿಲ್ಲುತ್ತಿದ್ದರು. ಬೂಟುಗಳನ್ನು ಅಲ್ಲೇ ಒದ್ದೆ ಬಟ್ಟೆಯಿಂದ ಒರೆಸಿ ಒಂದು ಮುಚ್ಚಳದ ಪೆಟ್ಟಿಗೆಗೆ ಹಾಕುತ್ತಿದ್ದರು. ಅಂಗಿ, ಪ್ಯಾಂಟುಗಳನ್ನು ಕೊಡವದೆ, ಮೆಲ್ಲಗೆ ಬಿಚ್ಚಿ ನೀರು ತುಂಬಿದ ಬಕೆಟ್ಟಿಗೆ ಇಳಿಸುತ್ತಿದ್ದರು. ನಾತೂರನ ಬಚ್ಚಲಲ್ಲೇ ತಲೆಯಿಂದ ಮಿಂದು, ಒಗೆದ ಲುಂಗಿಯುಟ್ಟು, ಮೈಯನ್ನು ಗೋಡೆಗೆ ತಾಗಿಸದೆ ಮೇಲೆ ಹತ್ತುತ್ತಿದ್ದರು. ಮೀಯುವ ಮೊದಲು ಯಾರಾದರೂ ಎದುರಾದರೆ ಎರಡು ಹೆಜ್ಜೆ ಹಿಂದೆ ಸರಿದು, ‘ಮುಟ್ಟಬೇಡಿ, ಮುಟ್ಟಬೇಡಿ’ ಎನ್ನುತ್ತಿದ್ದರು. ಮಕ್ಕಳು ಹತ್ತಿರ ಬಂದರಂತೂ ಅವರ ಧ್ವನಿ ಜೋರಾಗುತ್ತಿತ್ತು.

ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮಗೆ ಇದನ್ನು ಅರ್ಥಮಾಡಿಕೊಳ್ಳಲು ಯಾರ ಸಹಾಯವೂ ಬೇಕಾಗಲಿಲ್ಲ. ಸ್ನಾನಕ್ಕೆ ಮೊದಲು ಮುಟ್ಟಿಸಿಕೊಳ್ಳದವರು, ಒಗೆದ ಬಟ್ಟೆಯಲ್ಲೇ ಮನೆಯೊಳಗೆ ಹೋಗುವವರು ಯಾರು? ಮಡಿಯವರು. ಕಡಲು ದಾಟಿ ಬಂದರೂ ಮಡಿ ಬಿಡದ ಭಟ್ಟರು! ಮೊದಲು ಹಾಗೆ ಕರೆದವರು ಯಾರೋ ನನಗೆ ಗೊತ್ತಿಲ್ಲ. ಹೆಸರು ನಿಂತಿತು. ಗೋದಾಮಿನ ಬಂಗಾಳಿ ಹುಡುಗರೂ ‘ಭಟ್ ಸಾಬ್’ ಎನ್ನುತ್ತಿದ್ದರು. ಕರೆದರೆ ಅವರು ಓಗೊಡುತ್ತಿದ್ದರು. ಅಡ್ಡಹೆಸರಿನ ಮೂಲವನ್ನು ವಿಚಾರಿಸುವ ಸ್ವಭಾವ ಅವರದಾಗಿರಲಿಲ್ಲ. ಕ್ಯಾಥೊಲಿಕರಾದ ನಮ್ಮನ್ನು ಅವರು ಊರಿನ ವಾಡಿಕೆಯಂತೆ ಗೌರವದಿಂದ ಕರೆಯುತ್ತಿದ್ದರು: ನನ್ನ ಪತಿ ‘ಪೊರ್ಬುಗಳು’. ಊರಿನಲ್ಲಿ ನಾನು ಹೈಸ್ಕೂಲಿಗೆ ಕನ್ನಡ ಕಲಿಸಿದವಳೆಂದು ತಿಳಿದ ದಿನದಿಂದ ನಾನು ‘ಟೀಚರು’.

ಅವರು ಎತ್ತರದ, ಸ್ವಲ್ಪ ಬಾಗಿದ ಮನುಷ್ಯ. ಮಾತನಾಡುವಾಗ ಎದುರಿನವರ ಮುಖವನ್ನು ಬಿಟ್ಟು ಎದೆಯನ್ನು ನೋಡುತ್ತಿದ್ದರು. ಇದು ಹೆಂಗಸರಿಗೆ ಮೊದಮೊದಲು ಮುಜುಗರವನ್ನುಂಟುಮಾಡುತ್ತಿತ್ತು. ಅವರು ನೋಡುತ್ತಿದ್ದುದು ಉಸಿರಾಟವನ್ನು ಎಂಬುದು ನನಗೆ ತಡವಾಗಿ ತಿಳಿಯಿತು. ಲಿಫ್ಟಿನಲ್ಲಿ ಯಾರಾದರೂ ಕೆಮ್ಮಿದರೆ ತಟ್ಟನೆ ತಿರುಗಿ, ‘ಒಣಕೆಮ್ಮಾ? ಕಫ ಉಂಟಾ? ಎಷ್ಟು ಸಮಯ ಆಯ್ತು?’ ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು. ಮನೆಯ ಗ್ಯಾಸನ್ನು ಮುಚ್ಚಿ ಬೀಗ ಹಾಕಿದ ಮೇಲೂ ಮತ್ತೆ ಬೀಗ ತೆಗೆದು ನೋಡುವ ಜಾತಿಯವರು. ಭಯವನ್ನು ಅವರು ಒಂದು ಉಪಕರಣದಂತೆ ಬಳಸುತ್ತಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅನ್ನಿಸುತ್ತಿದ್ದುದು, ಪಾಪ, ಈ ಮನುಷ್ಯನಿಗೆ ನಿದ್ದೆ ಹೇಗೆ ಬರುತ್ತದೋ ಎಂದಷ್ಟೇ.

ನಮ್ಮ ಮನೆಯಲ್ಲಿ ಅಂಥ ಭಯವೇನೂ ಇರಲಿಲ್ಲ. ನಮ್ಮವರು ಸಂಜೆ ಬಂದಾಗ ಹುಬ್ಬು, ಕಿವಿ, ತೋಳಿನ ಕೂದಲು ಎಲ್ಲ ಬೆಳ್ಳಗಾಗಿರುತ್ತಿದ್ದವು. ಮಗಳು ಚಿಕ್ಕವಳಿದ್ದಾಗ ಅವರನ್ನು ‘ಕ್ರಿಸ್ಮಸ್ ತಾತ’ ಎಂದು ಕರೆದು ಕುತ್ತಿಗೆಗೆ ಜೋತುಬೀಳುತ್ತಿದ್ದಳು. ಅವರ ಅಂಗಿಯನ್ನು ನಾನು ಬಾಲ್ಕನಿಯಲ್ಲಿ ಜೋರಾಗಿ ಕೊಡವಿ ಮೆಶಿನಿಗೆ ಹಾಕುತ್ತಿದ್ದೆ. ಏಳುವ ಬಿಳಿ ಮೋಡ ಪಕ್ಕದ ಮನೆಯ ಒಣಹಾಕಿದ ಬಟ್ಟೆಯ ಮೇಲೆ ಕೂತರೆ ಜಗಳವಾಗುತ್ತಿತ್ತು; ಅದೊಂದೇ ನಮಗಿದ್ದ ತೊಂದರೆ.

ಒಂದು ಡಿಸೆಂಬರಿನಲ್ಲಿ ಕಟ್ಟಡದ ಕ್ರೈಸ್ತ ಮನೆಗಳ ಮಕ್ಕಳೆಲ್ಲ ಸೇರಿ ನಮ್ಮ ಹಾಲಿನಲ್ಲಿ ಯೇಸು ಹುಟ್ಟಿದ ಗೋದಲಿಯನ್ನು ಕಟ್ಟಿದರು. ರಟ್ಟಿನ ಬೆಟ್ಟ, ಕನ್ನಡಿಯ ಕೆರೆ, ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿಯ ಗದ್ದೆ. ಬೆಟ್ಟದ ಮೇಲೆ ಹಿಮ ಬೇಕೆಂದಾಯಿತು. ಹತ್ತಿ ಇಟ್ಟರೆ ಹತ್ತಿಯಂತೆಯೇ ಕಾಣುತ್ತದೆ ಎಂದು ಮಕ್ಕಳು ದೂರಿದರು. ಆಗ ನಮ್ಮವರು ಹರಿದ ಚೀಲವೊಂದರಿಂದ ಪಿಂಗಾಣಿ ಮಣ್ಣಿನ ಪುಡಿಯನ್ನು ತಂದರು. ಗೋದಾಮಿನಲ್ಲಿ ಹರಿದ ಚೀಲದ ಮಣ್ಣನ್ನು ಬೇಕಾದವರು ಒಯ್ಯಬಹುದಿತ್ತು. ಅಂಥ ಬಿಳುಪನ್ನು ನಾನು ಮೈದಾದಲ್ಲೂ ಕಂಡಿಲ್ಲ. ನನ್ನ ಹಿಟ್ಟಿನ ಜರಡಿಯನ್ನು ಹಿಡಿದು ಮಕ್ಕಳು ಸರದಿಯಂತೆ ಹಿಮ ಸುರಿಸತೊಡಗಿದರು. ಏಸಿಯ ಗಾಳಿಗೆ ಅದು ಹಾಲಿನ ತುಂಬ ತೇಲಿತು. ಮಕ್ಕಳು ಬಾಯಿ ತೆರೆದು, ನಾಲಿಗೆ ಚಾಚಿ ಹಿಮವನ್ನು ಹಿಡಿಯುತ್ತಿದ್ದರು. ನಾನು ಫೋಟೋ ತೆಗೆಯುತ್ತಿದ್ದೆ.

ಬಾಗಿಲು ತೆರೆದೇ ಇತ್ತು. ಮೆಟ್ಟಿಲು ಹತ್ತುತ್ತಿದ್ದ ಭಟ್ಟರು, ಒದ್ದೆ ತಲೆಯಲ್ಲೇ, ಹೊಸ್ತಿಲಲ್ಲಿ ನಿಂತುಬಿಟ್ಟರು.

‘ಯಾರೂ ಓಡಬೇಡಿ!’ ಎಂದು ಕೂಗಿದರು. ಅಷ್ಟು ಎತ್ತರದ ಧ್ವನಿಯನ್ನು ನಾವು ಅವರಿಂದ ಕೇಳಿರಲಿಲ್ಲ. ‘ಟೀಚರೇ, ಏಸಿ ಆಫ್ ಮಾಡಿ. ಫ್ಯಾನೂ ಆಫ್. ಮಕ್ಕಳೇ, ಬಾಯಿ ಮುಚ್ಚಿ, ಮೆಲ್ಲ ಮೆಲ್ಲ ಹೊರಗೆ ಬನ್ನಿ. ಕುಣಿಯಬೇಡಿ!’

ಮಕ್ಕಳು ಹೊರಗೆ ಬಂದರು. ಇಸ್ತ್ರಿ ಹಾಕುವಾಗ ನೀರು ಚಿಮುಕಿಸುವ ಬಾಟಲಿಯನ್ನು ಕೇಳಿ ಪಡೆದು, ಲುಂಗಿಯ ತುದಿಯಿಂದ ಮೂಗು ಮುಚ್ಚಿಕೊಂಡು, ಅವರು ಹಾಲಿನ ಗಾಳಿಗೆಲ್ಲ ನೀರು ಸಿಂಪಡಿಸಿದರು. ಕನ್ನಡಿಯ ಕೆರೆ, ಕುರುಬರು, ಬಾಲಯೇಸು ಎಲ್ಲರೂ ನೆನೆದರು. ಆಮೇಲೆ ಮಂಡಿಯೂರಿ ಒದ್ದೆ ಬಟ್ಟೆಯಿಂದ ನೆಲ ಒರೆಸಲಾರಂಭಿಸಿದರು. ನಾನು ಪೊರಕೆ ತಂದೆ. ‘ಪೊರಕೆ ಬೇಡವೇ ಬೇಡ’ ಎಂದರು.

ನಮ್ಮವರಿಗೆ ನಗು, ಸಿಟ್ಟು ಎರಡೂ ಬಂದವು. ‘ಎಂತ ಭಟ್ರೇ ನಿಮ್ಮ ಅವಸ್ಥೆ! ನಾನು ದಿನಾ ಇದರಲ್ಲೇ ಮೀಯುದು. ನನಗೆ ಎಂತ ಆಗಿದೆ?’

‘ಎಂತ ಆಗಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ ಪೊರ್ಬುಗಳೇ. ಅದೇ ನನ್ನ ಹೆದರಿಕೆ. ಮೇಲೆ ಹೋದ ಕೂಡ್ಲೇ ಮೀಯ್ತೀರಿ ಅಂದ್ಕೊಂಡಿದ್ದೆ; ನೀವು ಹೀಗೇ ಮಕ್ಕಳ ಮಧ್ಯೆ ಕೂರ್ತೀರಾ? ಈ ಬಟ್ಟೆಯಲ್ಲಿ? ನಾನು ಕೆಳಗೆ ಮಿಂದು ಬರುದು ದಿನಾ ನೋಡ್ತೀರಲ್ಲ!’

‘ಅದು ನಿಮ್ಮ ಮಡಿ ಅಲ್ವಾ?’ ಎಂದರು ನಮ್ಮವರು.

ಭಟ್ಟರ ಕೈ ನಿಂತಿತು. ‘ಯಾವ ಮಡಿ?’

ನಾನೇ ಹೇಳಬೇಕಾಯಿತು: ‘ನೀವು ಭಟ್ರು ಅಲ್ವಾ... ಹಾಗಾಗಿ.’

‘ನಾನಾ? ನನ್ನಜ್ಜನಿಗೆ ಮಲ್ಪೆಯಲ್ಲಿ ದೋಣಿ ಇತ್ತು ಟೀಚರೇ! ಮೀನು ಹಿಡಿದು ಬದುಕಿದವರು ನಾವು.’ ಅವರು ನಮ್ಮೆಲ್ಲರ ಮುಖವನ್ನು ನೋಡಿದರು. ‘ಅದಕ್ಕೇ ಇಷ್ಟು ವರ್ಷ ಹಬ್ಬಕ್ಕೆ ನಿಮ್ಮ ಮನೆಯಿಂದ ನನಗೆ ಬರೀ ಬಾಳೆಹಣ್ಣು, ಪಾಯಸ ಬರ್ತಿತ್ತಾ? ಬಂಗುಡೆ ಗಸಿಯ ಪರಿಮಳ ಮಾತ್ರ ಮೇಲಿನ ತನಕ ಬರ್ತಿತ್ತಲ್ಲ ಮಾರಾಯ್ರೆ!’

ನಾವು ನಕ್ಕೆವು. ಅವರು ನಗಲಿಲ್ಲ. ಒದ್ದೆ ನೆಲದ ಮೇಲೆಯೇ ಕುಳಿತುಬಿಟ್ಟರು. ‘ಮಾಸ್ಕ್ ಕೊಟ್ಟೆ, ಇಂಗ್ಲಿಷಲ್ಲಿ ಬೋರ್ಡ್ ಹಾಕ್ಸಿದೆ. ಬೋರ್ಡ್ ಓದದಿದ್ರೂ ನನ್ನನ್ನು ನೋಡಿ ಕಲೀತಾರೆ ಅಂದ್ಕೊಂಡಿದ್ದೆ. ಮಾಡಿ ತೋರಿಸಿದ್ರೆ ಸಾಕು ಅಂತ. ನೀವೆಲ್ಲ ನೋಡ್ತಾನೇ ಇದ್ರಿ, ಆದ್ರೆ ಜಾತಿ ನೋಡಿದ್ರಿ’ ಎಂದರು. ಅದರಲ್ಲಿ ದೂರು ಇರಲಿಲ್ಲ. ಯಾವುದೋ ಲೆಕ್ಕ ಬುಡದಿಂದಲೇ ತಪ್ಪಿತೆಂದು ಗೊತ್ತಾದವರ ಧ್ವನಿ ಅದಾಗಿತ್ತು.

ಆ ದಿನದಿಂದ ಅವರು ಮಾತಿನ ಮನುಷ್ಯರಾದರು. ಅದಕ್ಕೆ ಮೊದಲು ಲಿಫ್ಟಿನಲ್ಲಿ ಎರಡು ಮಾತಾಡಿದರೆ ಹೆಚ್ಚು. ಈಗ ಬಸ್ಸಿನಲ್ಲಿ, ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಯ ಮುಂದೆ, ಚಹಾದಂಗಡಿಯಲ್ಲಿ, ಕನ್ನಡದಲ್ಲಿ, ತುಳುವಿನಲ್ಲಿ, ಮುರುಕು ಹಿಂದಿಯಲ್ಲಿ ಒಂದೇ ಪಾಠ. ಒಂದು ಶುಕ್ರವಾರ ಕೈಯಲ್ಲಿ ಹಿಡಿಯುವ ವಿಕಿರಣ ಮಾಪಕವೊಂದನ್ನು ತಂದು ನಮ್ಮ ಊಟದ ಮೇಜಿನ ಮೇಲೆ ಇಟ್ಟರು. ಅದು ಸುಮ್ಮನಿದ್ದಾಗಲೂ ಟಿಕ್, ಟಿಕ್ ಎನ್ನುತ್ತಿತ್ತು. ಮಗಳು ಬೆಚ್ಚಿದಳು.

‘ಹೆದರಬೇಡ ಮಗಾ. ಇದು ಎಲ್ಲ ಕಡೆ ಉಂಟು’ ಎಂದು ಅವರು ಅದನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಗೆ ಹಿಡಿದರು. ಟಿಕ್ ಸ್ವಲ್ಪ ಬಿರುಸಾಯಿತು. ‘ಭೂಮಿ ಹುಟ್ಟಿದಾಗಿನಿಂದ ಕಲ್ಲಲ್ಲಿ, ಮಣ್ಣಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಉಂಟು. ನಮ್ಮ ಕರಾವಳಿಯ ಕೆಲವು ಕಡೆ ಕಪ್ಪು ಮರಳಲ್ಲಿ ಇದಕ್ಕಿಂತ ಜಾಸ್ತಿ. ಅದರ ಮೇಲೆ ನಾವೆಲ್ಲ ಆಡಿ ಬೆಳೆದವರೇ.’

‘ಹಾಗಾದ್ರೆ ಮತ್ತೆ ಎಂತಕ್ಕೆ ಈ ಗಲಾಟೆ?’ ಎಂದರು ನಮ್ಮವರು.

‘ಮರಳು ಕಾಲಡಿ ಇತ್ತು ಪೊರ್ಬುಗಳೇ. ಈ ಮಣ್ಣನ್ನು ನಾವು ಹಿಟ್ಟಿಗಿಂತ ನುಣ್ಣಗೆ ಬೀಸಿ ಎದೆಯೊಳಗೆ ತೆಕ್ಕೊಳ್ತೇವೆ. ಹೊರಗಿನಿಂದ ಬರುವ ಕಿರಣ ಸ್ವಲ್ಪ. ಅದಕ್ಕೆ ನಾನೂ ಹೆದರುದಿಲ್ಲ. ಒಳಗೆ ಹೋಗಿ ಕೂತದ್ದು ಎದ್ದು ಬರುದಿಲ್ಲ, ಅದಕ್ಕೆ ಹೆದರುದು. ಮತ್ತೆ ಇದರಲ್ಲಿ ಬೆಣಚುಕಲ್ಲಿನ ಪುಡಿ, ಸಿಲಿಕಾ ಉಂಟಲ್ಲ, ಅದು ಶ್ವಾಸಕೋಶವನ್ನು ಗಟ್ಟಿ ಮಾಡ್ತದೆ.’ ಅವರು ಮಾಪಕದ ಮೇಲೆ ಬೆರಳಿಟ್ಟರು. ‘ಆ ಸಿಲಿಕಾ ಟಿಕ್ ಅಂತಲೂ ಹೇಳುದಿಲ್ಲ. ಈ ಯಂತ್ರ ಜೋರಾಗುದಿಲ್ಲ ಅಂತ ನೀವು ನೆಮ್ಮದಿ ಮಾಡಿದ್ರೆ ನಾನು ಇದನ್ನು ತಂದದ್ದೇ ತಪ್ಪು.’

ನನ್ನ ಪತಿಗೆ ಅರ್ಥವಾಗಿತ್ತು. ಅರ್ಥವಾದುದೇ ಅವರಿಗೆ ಇಷ್ಟವಾಗಲಿಲ್ಲ. ಆದರೂ ಮರುದಿನದಿಂದ ಅವರೂ ಕೆಳಗೆ ಮಿಂದು ಬಂದರು. ನಾತೂರನ ಬಚ್ಚಲ ಮುಂದೆ ಸಾಲು ಬೆಳೆಯಿತು. ‘ಎಲ್ಲ ಜಾತಿಯವರೂ ಭಟ್ರಾದ್ರಲ್ಲಪ್ಪಾ’ ಎಂದು ಎದುರು ಮನೆಯ ನರ್ಸಮ್ಮ ಬಾಲ್ಕನಿಯಿಂದ ತಮಾಷೆ ಮಾಡುತ್ತಿದ್ದರು.

ಗೋದಾಮಿನಲ್ಲಿ ಭಟ್ಟರ ಕೆಲಸ ಅಷ್ಟು ಸುಲಭವಾಗಿರಲಿಲ್ಲ. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಮಾಸ್ಕ್ ಹಾಕುವುದೆಂದರೆ ಬಿಸಿ ಒದ್ದೆ ಬಟ್ಟೆಯನ್ನು ಮುಖಕ್ಕೆ ಕಟ್ಟಿಕೊಂಡಂತೆ. ಹುಡುಗರು ಅದನ್ನು ಗಲ್ಲಕ್ಕೆ ಇಳಿಸುತ್ತಿದ್ದರು. ಭಟ್ಟರು ಕಂಡರೆ ಮೇಲೇರಿಸುತ್ತಿದ್ದರು. ಅವರು ತಿರುಗಿದ ಕೂಡಲೇ ಯಾರೋ ನಾಲಿಗೆಯಿಂದ ‘ಟಿಕ್, ಟಿಕ್’ ಎನ್ನುತ್ತಿದ್ದರು. ಪೊರಕೆಯನ್ನು ನಿಲ್ಲಿಸಿ, ನೀರು ಹಾಕಿ ಗುಡಿಸಲು ಹೇಳಿದರೆ ನೆಲವೆಲ್ಲ ಕೆಸರಾಗಿ ಜಾರುತ್ತದೆಂದು ಮ್ಯಾನೇಜರು ಬೇಡವೆಂದರು. ಧೂಳು ಹೀರುವ ಯಂತ್ರ ಬರಬೇಕೆಂದು ಭಟ್ಟರು ಹಟ ಹಿಡಿದರು. ಬಂತು, ಅರ್ಧ ಬಂತು: ಚೀಲ ತುಂಬುವಲ್ಲಿಗೆ ಬಂತು, ಬೀಸುವಲ್ಲಿಗೆ ಬರಲಿಲ್ಲ.

ಒಮ್ಮೆ ಹೊಸ ದೇಶದಿಂದ ಒಂದು ಹಡಗಿನ ಪಿಂಗಾಣಿ ಮಣ್ಣು ಬಂದಿತ್ತು. ಚೀಲಗಳ ರಾಶಿಯ ಪಕ್ಕದಲ್ಲಿ ಮಾಪಕ ಎಂದಿಗಿಂತ ಬಿರುಸಾಗಿ ಮಿಡಿಯಿತೆಂದು ಭಟ್ಟರು ಅದನ್ನು ತಡೆಹಿಡಿದರು. ಮಾದರಿಯನ್ನು ಹೊರದೇಶದ ಪ್ರಯೋಗಾಲಯಕ್ಕೆ ಕಳುಹಿಸಿದರು. ಉತ್ತರ ಬರುವವರೆಗೆ ಬೀಸುವ ವಿಭಾಗ ಮುಚ್ಚಿತು. ಕೆಲಸವಿಲ್ಲದ ಹುಡುಗರನ್ನು ಊರಿಗೆ ಕಳುಹಿಸುತ್ತಾರೆಂಬ ಮಾತು ಹಬ್ಬಿತು. ನಮ್ಮವರ ವೀಸಾ ನವೀಕರಣದ ಸಮಯವೂ ಅದೇ ಆಗಿತ್ತು. ಅವರು ಮೆಟ್ಟಿಲಲ್ಲಿ ಭಟ್ಟರನ್ನು ತಡೆದು ನಿಲ್ಲಿಸಿದರು.

‘ಭಟ್ರೇ, ನಿಮ್ಮ ಒಂದು ಟಿಕ್‌ಗೆ ನಾವೆಲ್ಲ ಗಂಟುಮೂಟೆ ಕಟ್ಟಬೇಕಾ? ಧೂಳಿನಿಂದ ನಾಳೆ ಸಾಯ್ತೇವೋ ಇಲ್ವೋ ಗೊತ್ತಿಲ್ಲ. ಕೆಲಸ ಹೋದ್ರೆ ಇವತ್ತೇ ಖಲಾಸ್.’

‘ಹೌದು’ ಎಂದರು ಭಟ್ಟರು. ‘ನೀವು ಹೇಳುದು ಸರಿ.’ ಆದರೆ ದಾರಿ ಬಿಟ್ಟು ಸರಿಯಲಿಲ್ಲ. ‘ನನ್ನ ಕೆಲಸವೂ ಹೋಗ್ಬಹುದು. ಆದ್ರೂ ಗೊತ್ತಿಲ್ಲದ್ದನ್ನು ಸರಿ ಉಂಟು ಅಂತ ಬರೆದು ಕೊಡ್ಲಿಕ್ಕೆ ನನಗೆ ಬರುದಿಲ್ಲ ಪೊರ್ಬುಗಳೇ.’

ಉತ್ತರ ಬಂದಾಗ ವಿಕಿರಣ ಮಿತಿಯೊಳಗೇ ಇತ್ತು. ಬೀಸುವ ವಿಭಾಗ ತೆರೆಯಿತು, ಯಾರೂ ಊರಿಗೆ ಹೋಗಬೇಕಾಗಲಿಲ್ಲ. ಹುಡುಗರು ಕೆಲವು ದಿನ ಅವರನ್ನು ಕಂಡಾಗಲೆಲ್ಲ ನಗುತ್ತಿದ್ದರು. ಭಟ್ಟರಿಗೆ ನಾಚಿಕೆಯಾಗಿರಬೇಕೆಂದು ನಾನು ಭಾವಿಸಿದ್ದೆ. ಆದರೆ ಅವರು ಮೀನಂಗಡಿಯಿಂದ ಒಂದು ಇಡೀ ಅಂಜಲ್ ತಂದು ನಮ್ಮ ಬಾಗಿಲಲ್ಲಿ ನಿಂತರು. ‘ಟೀಚರೇ, ಇದನ್ನು ಹುರೀರಿ. ನನ್ನ ಹೆದರಿಕೆ ಸುಳ್ಳಾಯ್ತು. ಇದಕ್ಕಿಂತ ದೊಡ್ಡ ಹಬ್ಬ ಉಂಟಾ?’ ಎಂದರು. ಅಂದು ಅವರು ನಮ್ಮಲ್ಲೇ ಉಂಡರು. ಊಟದ ನಡುವೆ ಮಾತ್ರ ಒಮ್ಮೆ ತಲೆಯೆತ್ತಿ, ‘ಸಿಲಿಕಾ ಹೆಚ್ಚಿದೆ, ಅದು ಬೇರೆ ವಿಷಯ’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ವರ್ಷಕ್ಕೊಮ್ಮೆ ಎದೆಯ ಎಕ್ಸ್-ರೇ ತೆಗೆಸಬೇಕೆಂಬುದು ಅವರ ಇನ್ನೊಂದು ಹಟ. ನಮ್ಮವರನ್ನು ತಾವೇ ಕ್ಲಿನಿಕ್ಕಿಗೆ ಕರೆದೊಯ್ಯುತ್ತಿದ್ದರು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಡಾಕ್ಟರು ಸರಿಯಿದೆ ಎಂದ ಮೇಲೂ ನೋಡುತ್ತಿದ್ದರು. ಅವರು ನಿವೃತ್ತರಾಗಿ ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ನಮ್ಮವರ ಎದೆಗೆ ಬೆರಳು ತಾಗಿಸಿ, ‘ಇದನ್ನು ನೋಡಿಸ್ತಾ ಇರಿ’ ಎಂದರು. ಅವರು ಹೋದ ಮೇಲೆ ನಮ್ಮವರು ಒಮ್ಮೆ ನೋಡಿಸಿದರು. ಆಮೇಲೆ ಕೆಲಸದ ನೆವ, ರಜೆಯ ನೆವ. ಚಳಿಗಾಲದಲ್ಲಿ ಕೆಮ್ಮು ಶುರುವಾದ ಮೇಲಂತೂ ಆ ಮಾತೆತ್ತಿದರೆ ಕೋಣೆ ಬಿಟ್ಟು ಎದ್ದುಹೋಗುತ್ತಾರೆ. ಏನಾದರೂ ಕಂಡೀತೆಂಬ ಭಯಕ್ಕೆ ನೋಡಿಸದೆ ಇರುವವರ ಜೊತೆ ವಾದಿಸುವುದು ಹೇಗೆಂದು ನನಗೆ ತಿಳಿಯದು.

ಸುದ್ದಿ ಬಂದ ಶುಕ್ರವಾರ ಮಧ್ಯಾಹ್ನ, ಚರ್ಚಿನಲ್ಲಿ ರಜಾದಿನದ ಪೂಜೆ ಮುಗಿಸಿ ಬಂದು, ನಾನು ಭಟ್ಟರ ಹೆಂಡತಿಗೆ ಫೋನ್ ಮಾಡಿದೆ. ಅವರು ಒಂದೇ ಸಲ ಇಲ್ಲಿಗೆ ಬಂದಿದ್ದರು; ನನಗೆ ಅಷ್ಟು ಪರಿಚಯವಿಲ್ಲ. ಸಮಾಧಾನದ ಮಾತುಗಳನ್ನು ಹೇಳಿದೆ. ಕೇಳಬೇಕಾದುದು ಇನ್ನೂ ಉಳಿದಿತ್ತು. ಗಂಡನನ್ನು ಕಳೆದುಕೊಂಡವರನ್ನು, ನನ್ನ ಗಂಡನ ಚಿಂತೆಯಿಂದ, ಹೇಗೆ ಕೇಳುವುದು? ನಮ್ಮವರು ಬಾಗಿಲ ಬಳಿ ನಿಂತು, ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಫೋನನ್ನು ಸ್ಪೀಕರಿಗೆ ಹಾಕಿದೆ.

‘ನೀವು ಹೂರಾದ ಟೀಚರ್ ಅಲ್ವಾ?’ ಎಂದು ಅವರೇ ಕೇಳಿದರು. ‘ನೀವು ಕೇಳ್ಲಿಕ್ಕೆ ಸಂಕೋಚ ಮಾಡ್ಬೇಡಿ. ಅವರು ಮೊದಲೇ ಹೇಳಿದ್ರು, ನಾನು ಹೋದ್ರೆ ಬಹ್ರೇನಿಂದ ಫೋನ್ ಬರ್ತದೆ, ಎಲ್ಲರಿಗೂ ಒಂದೇ ವಿಷಯ ಬೇಕು, ಪಾಪ, ಕೇಳ್ಲಿಕ್ಕೆ ಆಗುದಿಲ್ಲ, ನೀನೇ ಹೇಳಿಬಿಡು ಅಂತ. ಹೃದಯ ಅಮ್ಮಾ. ಹೃದಯ ನಿಂತದ್ದು. ಶ್ವಾಸಕೋಶ ಚೆನ್ನಾಗಿತ್ತು, ಡಾಕ್ಟ್ರು ಎರಡೆರಡು ಸಲ ನೋಡಿ ಹೇಳಿದ್ರು.’

ನಮ್ಮವರು ಬಾಗಿಲ ಚೌಕಟ್ಟಿಗೆ ಒರಗಿದರು. ಅವರ ಹೆಗಲು ಇಳಿಯಿತು.

‘ಅವರೇ ಹೇಳಿಟ್ಟ ಇನ್ನೊಂದು ಮಾತು ಉಂಟು’ ಎಂದರು ಆಕೆ. ‘ನನ್ನ ಶ್ವಾಸಕೋಶ ಚೆನ್ನಾಗಿದ್ರೂ ಅವರು ನಿಶ್ಚಿಂತೆ ಮಾಡ್ಬಾರ್ದು, ನಾನು ಮೊದಲಿನಿಂದ ಮಾಸ್ಕ್ ಹಾಕಿ ಮಿಂದು ಬಂದವ, ಅವರು ಎಷ್ಟೋ ವರ್ಷ ಧೂಳಿನ ಬಟ್ಟೆಯಲ್ಲೇ ಮನೆಗೆ ಬಂದವರು, ನನ್ನ ಶ್ವಾಸಕೋಶ ಅವರದ್ದಲ್ಲ ಅಂತ ಹೇಳು ಅಂದಿದ್ರು. ಅಷ್ಟು ಹೇಳಿದ್ರೆ ಸಾಕು, ಬೇಜಾರು ಮಾಡ್ತಾರೆ, ಆದ್ರೂ ಹೇಳು ಅಂತ.’

ನಾನು ಫೋನ್ ಇಟ್ಟ ಮೇಲೆ ನಮ್ಮವರು ತಮ್ಮ ಫೋನನ್ನು ತೆಗೆದುಕೊಂಡು ಬಾಲ್ಕನಿಗೆ ಹೋದರು. ಬೀಸುವ ವಿಭಾಗದಲ್ಲಿ ಜೊತೆಗಿದ್ದ ಬಂಗಾಳಿಯೊಬ್ಬನಿಗೆ ಕರೆ ಮಾಡಿದ್ದರು. ‘ಭಟ್ ಸಾಬ್ ಕಾ ದಿಲ್ ಥಾ, ಭಾಯ್. ಫೇಫಡಾ ನಹೀಂ’, ಹೃದಯವಂತೆ, ಶ್ವಾಸಕೋಶ ಅಲ್ಲವಂತೆ ಎಂದರು. ಆ ಕಡೆಯಿಂದ ದೊಡ್ಡದಾಗಿ ನಗು ಕೇಳಿಸಿತು, ದೇವರನ್ನು ನೆನೆದ ಮಾತು ಕೇಳಿಸಿತು. ಆ ನಗು ನಿಲ್ಲುವವರೆಗೆ ನಮ್ಮವರು ಕಾದರು.

‘ಸುನೋ’ ಎಂದರು ಆಮೇಲೆ, ತಗ್ಗಿದ ಧ್ವನಿಯಲ್ಲಿ, ‘ಔರ್ ಏಕ್ ಬಾತ್ ಬೋಲಾ ಹೈ.’ ಭಟ್ಟರ ಆ ಇನ್ನೊಂದು ಮಾತನ್ನೂ ಪೂರ್ತಿಯಾಗಿ ಹೇಳಿದರು. ಆಮೇಲೆ, ನನಗೆ ಬೆನ್ನು ಹಾಕಿಕೊಂಡೇ, ನಾಳೆ ಕ್ಲಿನಿಕ್ಕಿಗೆ ಜೊತೆಗೆ ಬರುತ್ತೀಯಾ ಎಂದು ಅವನನ್ನು ಕೇಳಿದರು.